ದುಡಿಮೆಯ ಸ್ಥಳದಲ್ಲಿ ಮಾನಸಿಕ ಕಿರುಕುಳ: ಗುರುತಿಸುವ ಬಗೆ ಮತ್ತು ನಿವಾರಣೆಯ ಕ್ರಮ

ಯಂತ್ರವೊಂದು ಕೆಟ್ಟು ನಿಂತರೆ ಅದರ ನಷ್ಟವನ್ನು ಲೆಕ್ಕ ಹಾಕುವ ಪದ್ಧತಿ ಬಹುತೇಕ ಎಲ್ಲ ಕಾರ್ಖಾನೆಗಳಲ್ಲಿಯೂ ಇದೆ. ಎಷ್ಟು ಗಂಟೆ ಉತ್ಪಾದನೆ ನಿಂತಿತು, ಯಾವ ಬಿಡಿಭಾಗ ಸವೆದಿತ್ತು, ದುರಸ್ತಿಗೆ ಎಷ್ಟು ವೆಚ್ಚ ತಗಲಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಆದರೆ ಎಂಟು ಹತ್ತು ವರ್ಷ ದುಡಿದ ನುರಿತ ಕೆಲಸಗಾರನೊಬ್ಬ ಒಂದು ದಿನ ‘ಊರಿನಲ್ಲಿ ತೊಂದರೆ ಇದೆ’ ಎಂದು ಹೇಳಿ, ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟುಹೋದರೆ, ಅದರ ನಿಜವಾದ ಕಾರಣವನ್ನು ವಿಚಾರಿಸುವ ಪದ್ಧತಿ ಬಹುಮಟ್ಟಿಗೆ ಇಲ್ಲ. ಹೀಗೆ ಹೋದವರಲ್ಲಿ ಕೆಲವರು ನಿಜವಾಗಿಯೂ ಊರಿನ ಕಾರಣಕ್ಕಾಗಿ, ಮತ್ತೆ ಕೆಲವರು ಹೆಚ್ಚಿನ ಸಂಬಳಕ್ಕಾಗಿ ಹೋಗಿರಬಹುದು. ಆದರೆ ಇನ್ನು ಕೆಲವರು ಪ್ರತಿದಿನದ ಅವಮಾನವನ್ನು ತಾಳಲಾರದೆ, ಅದನ್ನು ಬಾಯಿಬಿಟ್ಟು ಹೇಳಲೂ ಆಗದೆ ಹೋದವರಾಗಿರುತ್ತಾರೆ. ಈ ಮೂರನೆಯ ವರ್ಗದವರ ವಿಷಯವೇ ಪ್ರಸ್ತುತ ಲೇಖನದ ವಸ್ತು.

ಮಾನಸಿಕ ಕಿರುಕುಳವೆಂಬುದು ದೊಡ್ಡ ಕಂಪನಿಗಳ ಕಾಯಿಲೆ, ಹತ್ತಿಪ್ಪತ್ತು ಜನ ಮನೆಯವರಂತೆ ದುಡಿಯುವ ಅಂಗಡಿ ಮತ್ತು ಕಾರ್ಖಾನೆಗಳಿಗೆ ಅದು ಸಂಬಂಧಿಸಿದ್ದಲ್ಲ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿದೆ. ವಾಸ್ತವದಲ್ಲಿ ಸಣ್ಣ ಘಟಕದ ನೌಕರನ ಸ್ಥಿತಿ ಇನ್ನಷ್ಟು ಇಕ್ಕಟ್ಟಿನದು. ದೊಡ್ಡ ಸಂಸ್ಥೆಯಲ್ಲಿ ಬೇರೆ ವಿಭಾಗಕ್ಕೆ ವರ್ಗಾವಣೆ ಕೇಳಬಹುದು, ಸಿಬ್ಬಂದಿ ಅಧಿಕಾರಿಯನ್ನು ಕಾಣಬಹುದು. ಸಣ್ಣ ಘಟಕದಲ್ಲಿ ಇರುವುದು ಒಂದೇ ಶೆಡ್ಡು, ಒಬ್ಬನೇ ಮೇಲ್ವಿಚಾರಕ. ಅವನ ಮೇಲೆ ದೂರು ಕೊಡಬೇಕಾದುದು ಅವನನ್ನು ಬಲಗೈಯೆಂದು ನಂಬಿರುವ ಮಾಲೀಕರಿಗೇ.

ಪರಿಕಲ್ಪನೆಯ ಹಿನ್ನೆಲೆ

ಈ ಸಮಸ್ಯೆಯನ್ನು ಮೊದಲಿಗೆ ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಹೈನ್ಜ್ ಲೇಮನ್. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಅವರು 1980ರ ದಶಕದಲ್ಲಿ ನೌಕರರನ್ನು ಸಂದರ್ಶಿಸಿ, ಒಬ್ಬ ವ್ಯಕ್ತಿಯನ್ನು ಗುರಿಯಾಗಿಸಿಕೊಂಡು ನಡೆಯುವ 45 ಬಗೆಯ ವರ್ತನೆಗಳನ್ನು ಪಟ್ಟಿಮಾಡಿದರು. ವಾರಕ್ಕೆ ಕನಿಷ್ಠ ಒಂದು ಬಾರಿಯಂತೆ, ಕನಿಷ್ಠ ಆರು ತಿಂಗಳ ಕಾಲ ಇಂತಹ ವರ್ತನೆ ಮುಂದುವರಿದರೆ ಅದನ್ನು ಕಿರುಕುಳವೆಂದು ಪರಿಗಣಿಸಬೇಕೆಂಬುದು ಅವರ ಅಳತೆಗೋಲಾಗಿತ್ತು. ಈ ಕಾಲಾವಧಿಯು ಅಧ್ಯಯನದ ಅನುಕೂಲಕ್ಕಾಗಿ ಇಟ್ಟುಕೊಂಡದ್ದು. ಮಾಲೀಕರು ಆರು ತಿಂಗಳು ಕಾಯಬೇಕೆಂದು ಇದರ ಅರ್ಥವಲ್ಲ. ಆದರೆ ಲೇಮನ್ ಅವರು ತೋರಿಸಿಕೊಟ್ಟ ಮೂಲ ಅಂಶ ಇಂದಿಗೂ ಬೆಲೆಯುಳ್ಳದ್ದು. ಬಿಡಿಬಿಡಿಯಾಗಿ ನೋಡಿದರೆ ಕ್ಷುಲ್ಲಕವೆನಿಸುವ ಕೃತ್ಯಗಳು ಪದೇ ಪದೇ ಒಬ್ಬನ ಮೇಲೆಯೇ ನಡೆದಾಗ ಅವು ಒಟ್ಟಾಗಿ ಆತನನ್ನು ಕೆಲಸಕ್ಕೆ ನಿರುಪಯುಕ್ತನನ್ನಾಗಿ ಮಾಡಬಲ್ಲವು.

ಸ್ವೀಡನ್ 1993ರಲ್ಲಿ ಇದರ ಬಗ್ಗೆ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿತು. ಫ್ರಾನ್ಸ್ 2002ರ ಜನವರಿಯಲ್ಲಿ ‘ನೈತಿಕ ಕಿರುಕುಳ’ವನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರ ಜೂನ್‌ನಲ್ಲಿ ತನ್ನ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿ, ದುಡಿಮೆಯ ಜಗತ್ತಿನಲ್ಲಿ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿಯನ್ನುಂಟುಮಾಡುವ ಹಿಂಸೆ ಮತ್ತು ಕಿರುಕುಳಗಳನ್ನು ಒಂದೇ ಚೌಕಟ್ಟಿನಲ್ಲಿ ತಂದಿತು. ಈ ಒಡಂಬಡಿಕೆ 2021ರ ಜೂನ್ 25ರಂದು ಜಾರಿಗೆ ಬಂದಿತು.

ಗದರಿಕೆ ಎಲ್ಲಿ ಮುಗಿಯುತ್ತದೆ, ಕಿರುಕುಳ ಎಲ್ಲಿ ಆರಂಭವಾಗುತ್ತದೆ

ಉದ್ಯಮಿಗಳು ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಇದು: ‘ತಪ್ಪು ಮಾಡಿದವನನ್ನು ಒಂದು ಮಾತು ಅನ್ನದೆ ಕಾರ್ಖಾನೆ ನಡೆಸಲು ಸಾಧ್ಯವೇ?’ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಜಪಾನ್ ದೇಶದ ಕಾನೂನು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಅಲ್ಲಿ 2019ರಲ್ಲಿ ತಿದ್ದುಪಡಿಯಾದ ಕಾನೂನು 2020ರ ಜೂನ್‌ನಿಂದ ದೊಡ್ಡ ಸಂಸ್ಥೆಗಳಿಗೂ, 2022ರ ಏಪ್ರಿಲ್‌ನಿಂದ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೂ ಅನ್ವಯವಾಗಿದೆ. ಅದರ ಪ್ರಕಾರ ‘ಅಧಿಕಾರದ ಕಿರುಕುಳ’ ಎನಿಸಲು ಮೂರು ಅಂಶಗಳು ಒಟ್ಟಿಗೆ ಇರಬೇಕು: ಮೇಲುಗೈಯ ಸ್ಥಾನವನ್ನು ಬಳಸಿಕೊಂಡಿರಬೇಕು, ವರ್ತನೆಯು ಕೆಲಸದ ಅಗತ್ಯವನ್ನು ಮತ್ತು ಸಮಂಜಸವಾದ ಮಿತಿಯನ್ನು ಮೀರಿರಬೇಕು, ಅದರಿಂದ ನೌಕರನ ದುಡಿಮೆಯ ವಾತಾವರಣ ಕೆಟ್ಟಿರಬೇಕು. ಕೆಲಸಕ್ಕೆ ಅಗತ್ಯವಾದ, ಮಿತಿಯೊಳಗಿನ ತಿದ್ದುಪಡಿ ಮತ್ತು ಮಾರ್ಗದರ್ಶನ ಕಿರುಕುಳದ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ.

ಇದನ್ನು ನಮ್ಮ ಕಾರ್ಖಾನೆಗಳ ಭಾಷೆಗೆ ಇಳಿಸಿದರೆ ನಾಲ್ಕು ಪ್ರಶ್ನೆಗಳಾಗುತ್ತವೆ.

1. ಮಾತು ಕೆಲಸದ ಬಗೆಗಿದೆಯೋ, ಮನುಷ್ಯನ ಬಗೆಗಿದೆಯೋ? ‘ಈ ಲಾಟ್‌ನಲ್ಲಿ ಹನ್ನೆರಡು ಪೀಸು ಅಳತೆ ತಪ್ಪಿವೆ’ ಎಂಬುದು ಕೆಲಸದ ಮಾತು. ‘ನಿನ್ನಂಥವನನ್ನು ಹೆತ್ತವರು ಯಾರು’ ಎಂಬುದು ಕೆಲಸದ ಮಾತಲ್ಲ.

2. ತಪ್ಪು ಮಾಡಿದವರೆಲ್ಲರಿಗೂ ಅದೇ ಮಾತು ಸಲ್ಲುತ್ತದೆಯೋ, ಒಬ್ಬನಿಗೆ ಮಾತ್ರವೋ? ಹತ್ತು ನಿಮಿಷ ತಡವಾಗಿ ಬಂದ ಮೂವರಲ್ಲಿ ಒಬ್ಬನನ್ನೇ ಎಲ್ಲರೆದುರು ನಿಲ್ಲಿಸಿದರೆ ಅದು ಶಿಸ್ತು ಎನಿಸದು.

3. ಮಾತು ಮುಗಿದ ಮೇಲೆ ವಿಷಯವೂ ಮುಗಿಯುತ್ತದೆಯೋ? ಗದರಿದವನು ಮಧ್ಯಾಹ್ನ ಅದೇ ಕೆಲಸಗಾರನೊಂದಿಗೆ ಎಂದಿನಂತೆ ಮಾತಾಡಿದರೆ ವಿಷಯ ಮುಗಿಯಿತು. ವಾರಗಟ್ಟಲೆ ಅದೇ ತಪ್ಪನ್ನು ಎತ್ತಿ ಆಡಿದರೆ ಮುಗಿದಿಲ್ಲ.

4. ಕೇಳಿಸಿಕೊಂಡವನಿಗೆ ಉತ್ತರ ಹೇಳಲು, ತಿದ್ದಿಕೊಳ್ಳಲು ಅವಕಾಶವಿದೆಯೋ? ಬಾಯಿ ತೆರೆದರೆ ‘ಎದುರುತ್ತರ’ವೆಂದೂ, ಸುಮ್ಮನಿದ್ದರೆ ‘ಅಹಂಕಾರ’ವೆಂದೂ ಎನಿಸಿಕೊಳ್ಳುವ ಸ್ಥಿತಿಯೇ ಕಿರುಕುಳದ ಅತ್ಯಂತ ಖಚಿತವಾದ ಲಕ್ಷಣ.

ಕಿರುಕುಳದ ರೂಪಗಳು

ಬೈಗುಳ ಎಲ್ಲರಿಗೂ ಕೇಳಿಸುತ್ತದೆ. ಆದ್ದರಿಂದ ಅದನ್ನು ಗುರುತಿಸುವುದು ಸುಲಭ. ಸದ್ದಿಲ್ಲದೆ ನಡೆಯುವ ಕಿರುಕುಳವನ್ನು ಗುರುತಿಸುವುದು ಕಷ್ಟ. ಲೇಮನ್ ಅವರು ತಮ್ಮ ಪಟ್ಟಿಯನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದರು. ಅದೇ ವಿಂಗಡಣೆಯನ್ನು ಇಲ್ಲಿನ ಅಂಗಡಿ, ಗೋದಾಮು ಮತ್ತು ಕಾರ್ಖಾನೆಗಳ ಸಂದರ್ಭಕ್ಕೆ ಹೊಂದಿಸಿ ಹೀಗೆ ಹೇಳಬಹುದು.

(ಅ) ಮಾತಿಗೆ ತಡೆ: ಸಭೆಯಲ್ಲಿ ಮಾತು ಆರಂಭಿಸುತ್ತಿದ್ದಂತೆ ಬಾಯಿ ಮುಚ್ಚಿಸುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಕಣ್ಣೆದುರು ಹೀಯಾಳಿಸುವುದು, ಅಪರಾತ್ರಿಯಲ್ಲಿ ಸಂದೇಶ ಕಳುಹಿಸಿ ಬೆಳಿಗ್ಗೆ ‘ಯಾಕೆ ಉತ್ತರ ಕೊಡಲಿಲ್ಲ’ ಎಂದು ತರಾಟೆಗೆ ತೆಗೆದುಕೊಳ್ಳುವುದು.

(ಆ) ಸಂಬಂಧಗಳಿಂದ ಬೇರ್ಪಡಿಸುವುದು: ಚಹಾದ ವೇಳೆಗೆ ಕರೆಯದಿರುವುದು; ಅವನ ಜೊತೆ ಊಟಕ್ಕೆ ಕುಳಿತವರನ್ನು ಕರೆದು ವಿಚಾರಿಸುವುದು; ಆಯುಧಪೂಜೆಯಂತಹ ಸಮಾರಂಭಗಳಲ್ಲಿ ಬೇಕೆಂದೇ ಹೊರಗಿಡುವುದು.

(ಇ) ಮಾನಕ್ಕೆ ಕುಂದು: ಅಡ್ಡಹೆಸರು, ಮೈಬಣ್ಣ, ಜಾತಿ, ಭಾಷೆ, ಊರು, ಮನೆಯ ತೊಂದರೆ ಇವುಗಳನ್ನು ಎತ್ತಿ ಆಡುವುದು, ಕಳ್ಳತನದ ಗುಮಾನಿಯನ್ನು ಆಧಾರವಿಲ್ಲದೆ ಹಬ್ಬಿಸುವುದು.

(ಈ) ಕೆಲಸದ ಮೂಲಕ ಶಿಕ್ಷೆ: ನುರಿತ ಯಂತ್ರಚಾಲಕನಿಗೆ ಕಸ ಗುಡಿಸಲು ಹೇಳುವುದು, ಇಬ್ಬರು ಮಾಡುವ ಕೆಲಸವನ್ನು ಒಬ್ಬನಿಗೆ ಹೊರಿಸುವುದು, ಕೆಲಸವನ್ನೇ ಕೊಡದೆ ಕೂರಿಸುವುದು, ಅಗತ್ಯವಾದ ಉಪಕರಣವನ್ನೋ ಮಾಹಿತಿಯನ್ನೋ ತಡೆಹಿಡಿದು ಆಮೇಲೆ ತಪ್ಪಿಗೆ ಹೊಣೆ ಮಾಡುವುದು.

(ಉ) ಆರೋಗ್ಯಕ್ಕೆ ಧಕ್ಕೆ: ಒಬ್ಬನಿಗೇ ಸತತವಾಗಿ ರಾತ್ರಿ ಪಾಳಿ ಹಾಕುವುದು, ಕಾಯಿಲೆಯ ರಜೆಯನ್ನು ನಟನೆಯೆಂದು ಸಾರುವುದು, ಮೈಮುಟ್ಟುವ ಬೆದರಿಕೆ.

ಇವುಗಳನ್ನು ನಡೆಸುವವರು ಯಾವಾಗಲೂ ಮೇಲಿನವರೇ ಆಗಿರಬೇಕೆಂದಿಲ್ಲ. ಸರಿಸಮಾನ ನೌಕರರು ಗುಂಪು ಕಟ್ಟಿಕೊಂಡು ಹೊಸಬನನ್ನು ಹಿಂಸಿಸುವುದುಂಟು. ಹೊಸದಾಗಿ ನೇಮಕವಾದ ಯುವ ಮೇಲ್ವಿಚಾರಕಿಯ ಮಾತನ್ನು ಹಳೆಯ ಕೆಲಸಗಾರರೆಲ್ಲ ಒಟ್ಟಾಗಿ ಕಡೆಗಣಿಸುವುದೂ ಉಂಟು.

ಒಂದು ಕಲ್ಪಿತ ನಿದರ್ಶನ

ವಿಷಯದ ಸ್ಪಷ್ಟತೆಗಾಗಿ ಮೂವತ್ತೈದು ಕೆಲಸಗಾರರ, ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಎಂಟು ವರ್ಷಗಳಿಂದ ಗುಣಪರೀಕ್ಷೆ ಮಾಡುತ್ತಿರುವ ನೌಕರನೊಬ್ಬನಿದ್ದಾನೆ. ಆತ ಒಂದು ತಿಂಗಳ ಕೊನೆಯಲ್ಲಿ ಅಳತೆ ತಪ್ಪಿದ ಒಂದು ಲಾಟನ್ನು ತಡೆಹಿಡಿಯುತ್ತಾನೆ. ಉತ್ಪಾದನೆಯ ಮೇಲ್ವಿಚಾರಕನಿಗೆ ಆ ತಿಂಗಳ ಗುರಿ ತಪ್ಪುತ್ತದೆ. ಮರುವಾರದಿಂದ ಮೈಕ್ರೋಮೀಟರ್ ಇಡುವ ಬೀರುವಿನ ಕೀಲಿ ಮೇಲ್ವಿಚಾರಕನ ಬಳಿ ಉಳಿಯತೊಡಗುತ್ತದೆ. ‘ಅಡ್ಡಗಾಲು ಬಂದ’ ಎಂಬ ನಗೆಮಾತು ಶೆಡ್ಡಿನಲ್ಲಿ ಓಡಾಡುತ್ತದೆ. ಬೆಳಗಿನ ಸಭೆ ಹತ್ತು ನಿಮಿಷ ಮುಂಚೆ ಶುರುವಾದ ಸುದ್ದಿ ಆತನೊಬ್ಬನಿಗೆ ಮಾತ್ರ ತಲಪುವುದಿಲ್ಲ. ಆತನ ಮೇಜನ್ನು ಗೇಟಿನ ಪಕ್ಕಕ್ಕೆ ಸಾಗಿಸಲಾಗುತ್ತದೆ. ಯಾವುದೊಂದನ್ನೂ ಬಿಡಿಯಾಗಿ ಮಾಲೀಕರ ಮುಂದೆ ಹೇಳಿದರೆ ‘ಇದೂ ಒಂದು ದೂರೇ?’ ಎಂಬ ಉತ್ತರವೇ ಬರುವಂಥದ್ದು. ಆದ್ದರಿಂದ ಆತ ಹೇಳುವುದಿಲ್ಲ.

ಮೂರನೆಯ ತಿಂಗಳಲ್ಲಿ ಆತ ಲಾಟುಗಳನ್ನು ತಡೆಹಿಡಿಯುವುದನ್ನು ನಿಲ್ಲಿಸುತ್ತಾನೆ. ಉತ್ಪಾದನೆಯ ಅಂಕಿ ಏರುತ್ತದೆ. ಮೇಲ್ವಿಚಾರಕನಿಗೆ ಮೆಚ್ಚುಗೆ ಸಿಗುತ್ತದೆ. ಐದನೆಯ ತಿಂಗಳಲ್ಲಿ ಗ್ರಾಹಕ ಸಂಸ್ಥೆ ಇಡೀ ಸರಕನ್ನು ಹಿಂದಿರುಗಿಸುತ್ತದೆ, ಸಹಿ ಮಾಡಿದ ತಪ್ಪಿಗೆ ಗುಣಪರೀಕ್ಷಕನನ್ನೇ ಹೊಣೆ ಮಾಡಲಾಗುತ್ತದೆ. ಈ ನಿದರ್ಶನದಲ್ಲಿ ಯಾರೂ ಕೈಯೆತ್ತಿಲ್ಲ, ಯಾರೂ ಕೆಟ್ಟ ಮಾತು ಬಳಸಿಲ್ಲ. ಆದರೂ ಕಾರ್ಖಾನೆಯು ತನ್ನ ತಪ್ಪನ್ನು ತಾನೇ ಹಿಡಿಯುವ ಶಕ್ತಿಯನ್ನು ಕಳೆದುಕೊಂಡಿದೆ. ಕಿರುಕುಳದಿಂದ ಉದ್ಯಮಕ್ಕೆ ಆಗುವ ಹಾನಿಗಳಲ್ಲಿ ಇದು ಮುಖ್ಯವಾದದ್ದು: ಭಯವಿರುವ ಕಡೆ ಸತ್ಯವಾದ ಮಾಹಿತಿ ಮಾಲೀಕರನ್ನು ತಲಪುವುದಿಲ್ಲ.

ಫ್ರಾನ್ಸಿನ ದೂರವಾಣಿ ಸಂಸ್ಥೆಯ ಪ್ರಕರಣ

ಮಾನಸಿಕ ಕಿರುಕುಳವು ಒಬ್ಬ ಒರಟು ಅಧಿಕಾರಿಯ ಸ್ವಭಾವದೋಷಕ್ಕೆ ಸೀಮಿತವಾಗಿರದೆ ಸಂಸ್ಥೆಯ ನೀತಿಯಿಂದಲೇ ಹುಟ್ಟಬಹುದು ಎಂಬುದಕ್ಕೆ ‘ಫ್ರಾನ್ಸ್ ಟೆಲಿಕಾಂ’ ಪ್ರಕರಣ ಸಾಕ್ಷಿ. ಈ ಸರ್ಕಾರಿ ದೂರವಾಣಿ ಸಂಸ್ಥೆ 2004ರಲ್ಲಿ ಖಾಸಗೀಕರಣಗೊಂಡಿತು. 2006ರಲ್ಲಿ ಆಡಳಿತ ವರ್ಗವು ಮೂರು ವರ್ಷಗಳಲ್ಲಿ 22,000 ನೌಕರರನ್ನು ಕಡಿಮೆ ಮಾಡುವ ಯೋಜನೆಯನ್ನು ಕೈಗೊಂಡಿತು. ಆದರೆ ನೌಕರರಲ್ಲಿ ಹೆಚ್ಚಿನವರಿಗೆ ಸರ್ಕಾರಿ ನೌಕರರ ಸ್ಥಾನಮಾನವಿದ್ದುದರಿಂದ ಅವರನ್ನು ನೇರವಾಗಿ ತೆಗೆದುಹಾಕುವಂತಿರಲಿಲ್ಲ. ಅವರು ತಾವಾಗಿಯೇ ಬಿಟ್ಟುಹೋಗುವ ವಾತಾವರಣವನ್ನು ನಿರ್ಮಿಸುವ ದಾರಿಯನ್ನು ಹಿಡಿಯಲಾಯಿತು. ಬಾಗಿಲಿನಿಂದಲೋ ಕಿಟಕಿಯಿಂದಲೋ ಈ ನಿರ್ಗಮನಗಳನ್ನು ಸಾಧಿಸುವುದಾಗಿ ಅಂದಿನ ಮುಖ್ಯಸ್ಥ ಡಿಡಿಯೆ ಲೊಂಬಾರ್ ಅವರು 2006ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳ ಸಭೆಯಲ್ಲಿ ಹೇಳಿದ್ದು ಮುಂದೆ ನ್ಯಾಯಾಲಯದಲ್ಲಿ ಚರ್ಚೆಗೆ ಬಂದಿತು. ಬಲವಂತದ ವರ್ಗಾವಣೆ, ಅರ್ಹತೆಗೆ ಹೊಂದದ ಕೆಲಸ, ಕೆಲಸವಿಲ್ಲದೆ ಕೂರಿಸುವುದು ಇವು ದಿನನಿತ್ಯದ ಸಾಧನಗಳಾದವು.

ನ್ಯಾಯಾಲಯವು ಪರಿಶೀಲಿಸಿದ 39 ನೌಕರರ ಪ್ರಕರಣಗಳಲ್ಲಿ 19 ಮಂದಿ ಪ್ರಾಣ ಕಳೆದುಕೊಂಡಿದ್ದರು, 12 ಮಂದಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರು, 8 ಮಂದಿ ಖಿನ್ನತೆಗೆ ಗುರಿಯಾಗಿದ್ದರು ಅಥವಾ ಕೆಲಸ ಮಾಡಲಾಗದ ಸ್ಥಿತಿ ತಲಪಿದ್ದರು. 2019ರ ಡಿಸೆಂಬರ್ 20ರಂದು ಪ್ಯಾರಿಸ್ ನ್ಯಾಯಾಲಯವು ಸಂಸ್ಥೆಗೆ 75,000 ಯೂರೋ ದಂಡ ವಿಧಿಸಿ, ಹಿಂದಿನ ಮುಖ್ಯಸ್ಥರನ್ನು ತಪ್ಪಿತಸ್ಥರೆಂದು ಘೋಷಿಸಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವು ಶಿಕ್ಷೆಯ ಪ್ರಮಾಣವನ್ನು ಸಡಿಲಿಸಿದರೂ ತಪ್ಪಿತಸ್ಥರೆಂಬ ತೀರ್ಮಾನವನ್ನು ಉಳಿಸಿಕೊಂಡಿತು. 2025ರ ಜನವರಿ 21ರಂದು ಆ ದೇಶದ ಅತ್ಯುಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದು, ಸಂಸ್ಥೆಯ ನೀತಿಯೇ ಕಿರುಕುಳವಾಗಬಹುದೆಂಬ ತತ್ತ್ವಕ್ಕೆ ಅಂತಿಮ ಮುದ್ರೆ ಒತ್ತಿತು.

ಈ ಪ್ರಕರಣದಿಂದ ಸಣ್ಣ ಉದ್ದಿಮೆದಾರರು ಕಲಿಯಬೇಕಾದ ಪಾಠವೊಂದಿದೆ. ತೆಗೆದುಹಾಕಿದರೆ ಪರಿಹಾರ ಕೊಡಬೇಕಾಗುತ್ತದೆಂಬ ಕಾರಣಕ್ಕೆ, ‘ತಾನಾಗಿಯೇ ಬಿಟ್ಟುಹೋಗಲಿ’ ಎಂದು ಒಬ್ಬ ನೌಕರನನ್ನು ಮೂಲೆಗೆ ತಳ್ಳುವ ಅಭ್ಯಾಸ ಇಲ್ಲಿಯೂ ಅಪರಿಚಿತವಲ್ಲ. ಅದನ್ನು ಜಾಣ್ಮೆಯೆಂದು ಭಾವಿಸುವವರೂ ಇದ್ದಾರೆ. ನೌಕರನ ಅಗತ್ಯವಿಲ್ಲವೆಂದಾದರೆ ಆತನನ್ನು ಕರೆದು, ನೇರವಾಗಿ ಹೇಳಿ, ಕಾನೂನಿನಂತೆ ಸಲ್ಲಬೇಕಾದುದನ್ನು ಸಲ್ಲಿಸಿ ಕಳುಹಿಸುವುದೇ ಎರಡೂ ಕಡೆಗೆ ಗೌರವದ ಮಾರ್ಗ.

ಭಾರತದ ಕಾನೂನಿನ ಸ್ಥಿತಿ

ಮಾನಸಿಕ ಕಿರುಕುಳಕ್ಕೆಂದೇ ಮೀಸಲಾದ ಪ್ರತ್ಯೇಕ ಕಾಯಿದೆ ಭಾರತದಲ್ಲಿಲ್ಲ. ಆದರೆ ಹಲವು ಕಾಯಿದೆಗಳ ಅಂಶಗಳು ಈ ವಿಷಯಕ್ಕೆ ಅನ್ವಯಿಸುತ್ತವೆ.

ಮೊದಲನೆಯದು, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ. ಸರ್ವೋಚ್ಚ ನ್ಯಾಯಾಲಯವು 1997ರ ವಿಶಾಖಾ ತೀರ್ಪಿನಲ್ಲಿ ಹಾಕಿಕೊಟ್ಟ ತಳಹದಿಯ ಮೇಲೆ ರೂಪುಗೊಂಡ ಈ ಕಾಯಿದೆಯಂತೆ, 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಆಂತರಿಕ ಸಮಿತಿಯನ್ನು ರಚಿಸತಕ್ಕದ್ದು. ತಪ್ಪಿದರೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಇದಕ್ಕಿಂತ ಕಡಿಮೆ ನೌಕರರಿರುವ ಕಡೆಯ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಲೈಂಗಿಕ ಸ್ವರೂಪದ ವರ್ತನೆಗೆ ಹೊಂದಿಕೊಂಡು ಬರುವ ಬೆದರಿಕೆ, ಹಗೆತನದ ವಾತಾವರಣ ಮತ್ತು ಅವಮಾನಕರ ನಡವಳಿಕೆಗಳೂ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ.

ಎರಡನೆಯದು, 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. ಇದರಂತೆ 20 ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಒಟ್ಟು ಸದಸ್ಯರು 10ನ್ನು ಮೀರಬಾರದು, ದೂರು ಬಂದ 30 ದಿನಗಳೊಳಗೆ ಕಲಾಪ ಮುಗಿಯಬೇಕು. ಸೇಡಿನಿಂದ ಕೆಲಸದಿಂದ ತೆಗೆಯುವುದು ಮತ್ತು ಆಡಳಿತದ ನೆಪದಲ್ಲಿ ದುರುದ್ದೇಶದಿಂದ ವರ್ಗಾಯಿಸುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಸೇರಿವೆ.

ಮೂರನೆಯದು, ದಂಡನೀಯ ಕಾನೂನು. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಜಾತಿಯ ಹೆಸರು ಹಿಡಿದು ಸಾರ್ವಜನಿಕರ ಕಣ್ಣೆದುರು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಂತೆ ಆರು ತಿಂಗಳಿಂದ ಐದು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಬೆದರಿಕೆಯನ್ನು ಅಪರಾಧವೆನ್ನುತ್ತದೆ. ಅದರ 108ನೆಯ ಕಲಮು ಆತ್ಮಹತ್ಯೆಗೆ ಪ್ರಚೋದನೆ ನೀಡಿದವರಿಗೆ 10 ವರ್ಷಗಳವರೆಗೆ ಸೆರೆವಾಸವನ್ನು ಹೇಳುತ್ತದೆ. ಕೆಲಸದ ಬಗ್ಗೆ ಆಡಿದ ಪ್ರತಿಯೊಂದು ಕಟುಮಾತೂ ಪ್ರಚೋದನೆಯಾಗುವುದಿಲ್ಲ, ಅದಕ್ಕೆ ಬಲವಾದ ಸಾಕ್ಷ್ಯ ಬೇಕು. ಆದರೆ ಒಂದು ಜೀವ ಹೋದ ಮೇಲೆ ಕಾನೂನಿನ ಕಲಮುಗಳನ್ನು ಹುಡುಕುವುದಕ್ಕಿಂತ, ಜೀವ ಹೋಗದಂತೆ ನೋಡಿಕೊಳ್ಳುವುದು ಮಾಲೀಕರ ಮೊದಲ ಕರ್ತವ್ಯ.

ದೂರು ಬಂದಾಗ ಮಾಲೀಕರು ಅನುಸರಿಸಬೇಕಾದ ಕ್ರಮ

ಸಣ್ಣ ಘಟಕಗಳಲ್ಲಿ ದೂರು ಬಂದಾಗ ನಡೆಯುವ ರೂಢಿ ಎಲ್ಲರಿಗೂ ತಿಳಿದದ್ದೇ. ಇಬ್ಬರನ್ನೂ ಒಳಗೆ ಕರೆದು, ನಾಲ್ಕು ಬುದ್ಧಿಮಾತು ಹೇಳಿ, ಕೈಕುಲುಕಿಸಿ ಕಳುಹಿಸಲಾಗುತ್ತದೆ. ಸಮಬಲರ ನಡುವಿನ ಜಗಳಕ್ಕೆ ಈ ರಾಜಿಪಂಚಾಯಿತಿ ಸರಿಹೋಗುತ್ತದೆ. ಒಬ್ಬನ ಕೈಯಲ್ಲಿ ಪಾಳಿ, ರಜೆ ಮತ್ತು ಓ.ಟಿ. ಹಂಚುವ ಅಧಿಕಾರವಿರುವಾಗ ಇನ್ನೊಬ್ಬನು ಅವನ ಎದುರಿಗೆ ನಿಜವನ್ನು ಹೇಳಲಾರ. ಹೊರಗೆ ಬಂದ ಮೇಲೆ ಕಿರುಕುಳ ಇನ್ನಷ್ಟು ಸೂಕ್ಷ್ಮವಾಗುತ್ತದೆ, ದೂರುದಾರನು ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಆದ್ದರಿಂದ ಕೆಳಕಂಡ ಕ್ರಮ ಸೂಕ್ತ.

1. ದೂರುದಾರನನ್ನು ಒಬ್ಬನನ್ನೇ ಕರೆದು, ಶೆಡ್ಡಿನ ಕಣ್ಣಿಗೆ ಬೀಳದ ಜಾಗದಲ್ಲಿ ಕೂರಿಸಿ, ಪೂರ್ತಿ ಕೇಳಬೇಕು. ಏನಾಯಿತು, ಯಾವ ದಿನ, ಯಾರಿದ್ದರು ಎಂಬುದನ್ನು ಬರೆದುಕೊಂಡು ಓದಿ ಹೇಳಬೇಕು.

2. ಆಪಾದನೆಗೆ ಗುರಿಯಾದವನನ್ನೂ ಅದೇ ತಾಳ್ಮೆಯಿಂದ ಪ್ರತ್ಯೇಕವಾಗಿ ಕೇಳಬೇಕು. ಆತ ದೋಷಿಯೆಂದು ಮೊದಲೇ ತೀರ್ಮಾನಿಸುವುದು ಕೂಡ ಅನ್ಯಾಯವೇ. ದ್ವೇಷದಿಂದ ಕೊಟ್ಟ ದೂರುಗಳೂ ಇರುತ್ತವೆ.

3. ದಾಖಲೆಗಳನ್ನು ನೋಡಬೇಕು. ಹಾಜರಾತಿ ಪುಸ್ತಕ, ಪಾಳಿ ಪಟ್ಟಿ, ರಜೆ ಅರ್ಜಿಗಳು, ಓ.ಟಿ. ಹಂಚಿಕೆ, ಮೆಮೋಗಳು, ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳು ಇವುಗಳನ್ನು ಮೂರು ನಾಲ್ಕು ತಿಂಗಳ ಅವಧಿಗೆ ಸಾಲಾಗಿ ಇಟ್ಟು ನೋಡಿದರೆ, ಒಬ್ಬನನ್ನೇ ಗುರಿಮಾಡಲಾಗಿದೆಯೋ ಇಲ್ಲವೋ ಎಂಬುದು ತಕ್ಕಮಟ್ಟಿಗೆ ಗೋಚರಿಸುತ್ತದೆ. ಜನರು ಭಯದಿಂದ ಹೇಳದಿರುವುದನ್ನು ಪುಸ್ತಕ ಹೇಳಬಲ್ಲದು.

4. ವಿಚಾರಣೆಯ ಕಾಲದಲ್ಲಿ ದೂರುದಾರನ ರಜೆ, ಪಾಳಿ ಮತ್ತು ಓ.ಟಿ.ಯ ತೀರ್ಮಾನಗಳನ್ನು ಮಾಲೀಕರೇ ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು.

5. ದೂರು ನಿಜವೆಂದು ಕಂಡುಬಂದರೆ ತೀರ್ಮಾನವನ್ನು ಬರಹದಲ್ಲಿ ಕೊಡಬೇಕು. ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಎಚ್ಚರಿಕೆ, ಅಧಿಕಾರದ ಮೊಟಕು ಅಥವಾ ಆರೋಪಪಟ್ಟಿ ನೀಡಿ ವಿಚಾರಣೆ ನಡೆಸುವ ಶಿಸ್ತುಕ್ರಮ ಕೈಗೊಳ್ಳಬೇಕು. ಸುಲಭವೆಂದು ದೂರುದಾರನನ್ನೇ ಬೇರೆ ಕಡೆಗೆ ಕಳುಹಿಸಿದರೆ ಶಿಕ್ಷೆ ಅನುಭವಿಸಿದವನು ಅವನೇ ಆಗುತ್ತಾನೆ.

6. ಒಂದು ತಿಂಗಳ ನಂತರ, ಪುನಃ ಮೂರು ತಿಂಗಳ ನಂತರ, ದೂರುದಾರನನ್ನು ಕರೆದು ಪರಿಸ್ಥಿತಿ ವಿಚಾರಿಸಬೇಕು. ಸೇಡಿನ ಕ್ರಮಗಳು ಸಾಮಾನ್ಯವಾಗಿ ಮಾಲೀಕರು ವಿಷಯ ಮರೆತ ಮೇಲೆ ಆರಂಭವಾಗುತ್ತವೆ.

ಅತ್ಯಂತ ಕಠಿಣವಾದ ಸಂದರ್ಭವೆಂದರೆ, ತಪ್ಪಿತಸ್ಥನು ಘಟಕದ ಅತ್ಯಂತ ಸಮರ್ಥ ಮೇಲ್ವಿಚಾರಕನಾಗಿರುವುದು. ಸರಕು ವೇಳೆಗೆ ಸರಿಯಾಗಿ ಹೊರಡುವುದು ಆತನಿಂದಲೇ, ಆತ ಹೋದರೆ ಎರಡು ತಿಂಗಳು ತೊಂದರೆ ಖಚಿತ. ಇಂತಹ ಸ್ಥಿತಿಯಲ್ಲಿ ಮಾಲೀಕರು ಆತನ ಲಾಭವನ್ನು ಮಾತ್ರವಲ್ಲದೆ ಆತನ ವೆಚ್ಚವನ್ನೂ ಲೆಕ್ಕ ಹಾಕತಕ್ಕದ್ದು. ಕಳೆದ ಎರಡು ವರ್ಷಗಳಲ್ಲಿ ಆತನ ಕೈಕೆಳಗಿನಿಂದ ಬಿಟ್ಟುಹೋದವರೆಷ್ಟು, ಹೊಸಬರನ್ನು ತರಬೇತುಗೊಳಿಸಲು ಹಿಡಿದ ಕಾಲವೆಷ್ಟು, ಆ ಅವಧಿಯಲ್ಲಿ ಕೆಟ್ಟ ಸರಕೆಷ್ಟು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದರೆ ಆತನ ನಿಜವಾದ ಬೆಲೆ ಗೊತ್ತಾಗುತ್ತದೆ. ಖಿನ್ನತೆ ಮತ್ತು ಆತಂಕದ ಕಾರಣದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2022ರಲ್ಲಿ ತಿಳಿಸಿದವು. ಈ ನಷ್ಟವೆಲ್ಲವೂ ಕಿರುಕುಳದಿಂದ ಆದದ್ದಲ್ಲ. ಆದರೆ ಮನಸ್ಸಿನ ಆರೋಗ್ಯಕ್ಕೂ ಲಾಭನಷ್ಟದ ಪುಸ್ತಕಕ್ಕೂ ಇರುವ ಸಂಬಂಧವನ್ನು ಅದು ತೋರಿಸುತ್ತದೆ.

ಮಾಲೀಕರೇ ಕಾರಣರಾದಾಗ

ಕುಟುಂಬದ ಉದ್ದಿಮೆಗಳಲ್ಲಿ ಕಿರುಕುಳದ ಮೂಲ ಮಾಲೀಕರಲ್ಲಿಯೋ, ಹೊಸದಾಗಿ ವಹಿವಾಟು ವಹಿಸಿಕೊಂಡ ಅವರ ಮಗನಲ್ಲಿಯೋ ಇರಬಹುದು. ಬ್ಯಾಂಕಿನ ಕಂತು, ಬಾಕಿ ವಸೂಲಿ, ಗ್ರಾಹಕರ ಒತ್ತಡ ಇವುಗಳ ಬಿಸಿ ಕೈಗೆ ಸಿಕ್ಕಿದ ಗುಮಾಸ್ತನ ಮೇಲೆ ಇಳಿಯುವುದು ಮನುಷ್ಯಸಹಜ. ಆದರೆ ಅದು ದಿನಚರಿಯಾದಾಗ ಗುಮಾಸ್ತನಿಗೆ ಮೇಲ್ಮನವಿಯ ಸ್ಥಳವೇ ಇರುವುದಿಲ್ಲ. ‘ಇಪ್ಪತ್ತು ವರ್ಷದಿಂದ ನಮ್ಮಲ್ಲಿಯೇ ಇದ್ದಾನೆ, ಅವನಿಗೇನೂ ಬೇಸರವಿಲ್ಲ’ ಎಂಬ ಸಮಾಧಾನ ಸರಿಯಲ್ಲ. ಸಾಲ, ಮಕ್ಕಳ ಓದು, ವಯಸ್ಸು ಇವುಗಳ ಕಾರಣದಿಂದ ಹೋಗಲು ಬೇರೆ ದಾರಿಯಿಲ್ಲದವನ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಇದಕ್ಕೆ ಪರಿಹಾರವೆಂದರೆ, ಮಾಲೀಕರು ತಮ್ಮ ಕೈಯಿಂದ ಹೊರಗಿರುವ ಒಂದು ಬಾಗಿಲನ್ನು ತಾವೇ ತೆರೆದಿಡುವುದು. ಕುಟುಂಬಕ್ಕೆ ಸೇರದ ಹಿರಿಯರೊಬ್ಬರು, ಸಂಸ್ಥೆಯ ಲೆಕ್ಕಪರಿಶೋಧಕರು ಅಥವಾ ನೆರೆಯ ಘಟಕದ ಗೌರವಾನ್ವಿತ ಉದ್ಯಮಿಯೊಬ್ಬರು ಮೂರು ತಿಂಗಳಿಗೊಮ್ಮೆ ಬಂದು ನೌಕರರೊಂದಿಗೆ ಪ್ರತ್ಯೇಕವಾಗಿ ಮಾತಾಡಿ, ಹೆಸರು ಹೇಳದೆ ವಿಷಯವನ್ನಷ್ಟೇ ಮಾಲೀಕರ ಗಮನಕ್ಕೆ ತರುವ ಏರ್ಪಾಡು ಮಾಡಿಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ. ಆದರೆ ಕೇಳಿದ್ದನ್ನು ಸಹಿಸಿಕೊಳ್ಳುವ ಮನಸ್ಸು ಬೇಕು.

ಕಿರುಕುಳಕ್ಕೆ ಒಳಗಾದವರು ಗಮನಿಸಬೇಕಾದದ್ದು

ಈ ಸಂಚಿಕೆ ಮಾಲೀಕರ ಮೇಜಿನಿಂದ ನೌಕರರ ಕೈಗೂ ಹೋಗುವುದುಂಟು. ಆದ್ದರಿಂದ ಅವರಿಗೂ ಕೆಲವು ಮಾತು. ಪ್ರತಿಯೊಂದು ಘಟನೆಯ ದಿನಾಂಕ, ವೇಳೆ, ಆಡಿದ ಮಾತು, ಹಾಜರಿದ್ದವರ ಹೆಸರು ಇವುಗಳನ್ನು ಮನೆಯಲ್ಲಿಡುವ ಪುಸ್ತಕವೊಂದರಲ್ಲಿ ಅದೇ ದಿನ ಬರೆದಿಡಬೇಕು. ಸಂದೇಶಗಳನ್ನು ಅಳಿಸಬಾರದು. ಸಾಧ್ಯವಾದರೆ ಕಿರುಕುಳ ಕೊಡುವವರಿಗೆ ಒಮ್ಮೆ ಸಮಾಧಾನದಿಂದ, ಸ್ಪಷ್ಟವಾಗಿ ‘ಈ ಮಾತು ಬೇಡ, ಕೆಲಸದ ತಪ್ಪನ್ನು ಹೇಳಿ’ ಎಂದು ತಿಳಿಸಬೇಕು. ನಿಲ್ಲದಿದ್ದರೆ ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸಹಿ ಪಡೆಯಬೇಕು. ಕೋಪದ ಭರದಲ್ಲಿ ರಾಜೀನಾಮೆ ಬರೆಯುವುದಾಗಲಿ, ಖಾಲಿ ಹಾಳೆಗೆ ಸಹಿ ಹಾಕುವುದಾಗಲಿ ಸಲ್ಲದು. ಸಂಸ್ಥೆಯೊಳಗೆ ನ್ಯಾಯ ಸಿಗದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗಳನ್ನು ಕಾಣಬಹುದು.

ನಿದ್ರೆ ಬಾರದಿರುವುದು, ಕೆಲಸದ ವೇಳೆ ಸಮೀಪಿಸಿದಂತೆ ಎದೆ ಡವಗುಟ್ಟುವುದು, ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದು, ಬದುಕು ಬೇಡವೆನಿಸುವುದು ಇವು ದೌರ್ಬಲ್ಯದ ಗುರುತುಗಳಲ್ಲ, ವೈದ್ಯರನ್ನು ಕಾಣಬೇಕೆಂಬ ಸೂಚನೆಗಳು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಹಾಜರಾತಿ ಪುಸ್ತಕದ ಬಳಿಯ ಫಲಕದಲ್ಲಿ, ಅಗ್ನಿಶಾಮಕ ದಳದ ಸಂಖ್ಯೆಯ ಪಕ್ಕದಲ್ಲಿ ಬರೆಸುವುದು ಪ್ರತಿ ಘಟಕವೂ ಈ ವಾರವೇ ಮಾಡಬಹುದಾದ ಕೆಲಸ.

ಉಪಸಂಹಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಒಂದೇ ಮಾತಿನ ಹಾನಿಯನ್ನು ಹೇಳುತ್ತದೆ. ಮಾನಸಿಕ ಕಿರುಕುಳದ ಹಾನಿ ದಿನಕ್ಕೊಂದರಂತೆ ಕೂಡಿಬರುವ ಮಾತುಗಳದ್ದು. ಆದಕಾರಣ ಅದನ್ನು ಗುರುತಿಸಲು ಒಂದು ಘಟನೆಯ ಮೇಲೆ ಕಣ್ಣಿಟ್ಟರೆ ಸಾಲದು, ಸಾಲನ್ನು ನೋಡಬೇಕು. ಹಳೆಯ ಹಾಜರಾತಿ ಪುಸ್ತಕಗಳು ಪ್ರತಿಯೊಬ್ಬ ಉದ್ಯಮಿಯ ಬೀರುವಿನಲ್ಲಿಯೂ ಇವೆ. ಕಳೆದ ಎರಡು ವರ್ಷಗಳಲ್ಲಿ ಬಿಟ್ಟುಹೋದವರ ಹೆಸರುಗಳನ್ನು ಬರೆದು, ಅವರಲ್ಲಿ ಯಾರು ಯಾರ ಕೈಕೆಳಗೆ ದುಡಿಯುತ್ತಿದ್ದರು ಎಂಬುದನ್ನು ಎದುರಿಗೆ ನಮೂದಿಸಿದರೆ, ವಿಚಾರಣೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಅವರಲ್ಲಿ ಒಬ್ಬಿಬ್ಬರಿಗೆ ದೂರವಾಣಿ ಮಾಡಿ ಕ್ಷೇಮ ವಿಚಾರಿಸಿ, ಬಿಟ್ಟ ಕಾರಣವನ್ನು ಈಗಲಾದರೂ ಕೇಳಬಹುದು. ಹೋದವರಿಗೆ ಹೆದರಬೇಕಾದ ಕಾರಣವಿಲ್ಲದ ಕಾರಣ, ಅವರು ನಿಜವನ್ನೇ ಹೇಳುವ ಸಂಭವ ಹೆಚ್ಚು.